ಓದುಗರ ಪ್ರಶ್ನೆ: ಎತ್ತು ಸತ್ತ ಮೇಲೆ ತೋಪು ಎಳೆಯುವವರಾರು?

ಪ್ರಶ್ನೆ: 1799ರಲ್ಲಿ ಶ್ರೀರಂಗಪಟ್ಟಣ ಬಿದ್ದದ್ದಕ್ಕೆ ಮೀರ್ ಸಾದಿಕನ ದ್ರೋಹ ಕಾರಣ ಅಂತ ಕೇಳುತ್ತಲೇ ಬಂದಿದ್ದೇವೆ. ಆದರೆ ಅದಕ್ಕೂ ಏಳು ವರ್ಷ ಮೊದಲೇ ಟಿಪ್ಪು ಅರ್ಧ ರಾಜ್ಯ ಕಳೆದುಕೊಂಡಿದ್ದನಲ್ಲ, ಆಗ ಕೈಕೊಟ್ಟವರು ಯಾರು ಸಾರ್?
(ಮಳವಳ್ಳಿಯ ಓದುಗರು)

ಉತ್ತರ: ದ್ರೋಹದ ಗುಮಾನಿ ಆಗಲೂ ಇತ್ತು. ಆದರೆ 1792ರ ಸೋಲನ್ನು ಯಾರೋ ಒಬ್ಬನ ತಲೆಗೆ ಕಟ್ಟಿ ಕೈತೊಳೆದುಕೊಂಡರೆ ಆ ಯುದ್ಧ ನಮಗೆ ಅರ್ಥವಾಗುವುದಿಲ್ಲ. ಅದನ್ನು ತೀರ್ಮಾನಿಸಿದ್ದು ಎತ್ತು ಮತ್ತು ಧಾನ್ಯ.

1791ರ ಮಾರ್ಚ್‌ನಲ್ಲಿ ಬೆಂಗಳೂರು ಕೋಟೆ ಹಿಡಿದ ಇಂಗ್ಲಿಷರ ಗವರ್ನರ್ ಜನರಲ್ ಕಾರ್ನ್‌ವಾಲಿಸ್, ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಕಡೆ ಹೊರಟ. ಚನ್ನಪಟ್ಟಣದ ನೇರ ದಾರಿಗೆ ಟಿಪ್ಪು ಅಡ್ಡ ನಿಂತಿದ್ದ. ಹಾಗಾಗಿ ಕಾನಕಾನಹಳ್ಳಿಯ, ಅಂದರೆ ಈಗಿನ ಕನಕಪುರದ, ಕಾಡುದಾರಿ ಹಿಡಿಯಬೇಕಾಯಿತು. ಅಲ್ಲಿ ಹಳ್ಳಿಗಳು ಖಾಲಿ, ಮೇವೆಲ್ಲ ಸುಟ್ಟು ಬೂದಿ. ಟಿಪ್ಪುವೇ ಸುಡಿಸಿದ್ದ. ಮೇ 15ರಂದು ಅರಕೆರೆ ಬಳಿ ನಡೆದ ಕಾಳಗದಲ್ಲಿ ಇಂಗ್ಲಿಷರೇ ಗೆದ್ದರು, ನಿಜ. ಗೆದ್ದು ಮಾಡುವುದೇನು? ಕೋಟೆ ಕಣ್ಣೆದುರಿಗಿದೆ, ತೋಪು ಎಳೆಯಲು ಎತ್ತಿಲ್ಲ. ಹಸಿವು, ರೋಗ, ಮಳೆಗೆ ಸಿಕ್ಕಿ ಸಾವಿರಾರು ಎತ್ತುಗಳು ಸತ್ತಿದ್ದವು. ಸಿಪಾಯಿಗಳೇ ಹಗ್ಗ ಹಿಡಿದು ಎಳೆದರು. ಕೊನೆಗೆ ಕನ್ನಂಬಾಡಿ ಹತ್ತಿರ, ಕೋಟೆ ಒಡೆಯಲೆಂದೇ ಅಷ್ಟು ದೂರದಿಂದ ತಂದಿದ್ದ ಭಾರಿ ತೋಪುಗಳನ್ನು ತಾವೇ ಹಾಳುಮಾಡಿ ಹಿಂದಿರುಗಿದರು.

ನಮ್ಮಜ್ಜ ಪಾಂಡವಪುರದ ಕಡೆಯವರು, ಹಳ್ಳಿಕಾರ್ ಜೋಡಿ ಕಟ್ಟಿದ್ದವರು. ಮೇವಿಲ್ಲದ ಎತ್ತಿನ ಹೆಗಲ ಮೇಲೆ ನೊಗ ಇಡುವುದೇ ಪಾಪ ಅನ್ನುತ್ತಿದ್ದರು. ಈ ದಂಡಯಾತ್ರೆಯ ವಿವರ ಓದುವಾಗಲೆಲ್ಲ ನನಗೆ ಅವರ ಮಾತು ಕಿವಿಯಲ್ಲಿರುತ್ತದೆ.

ಇನ್ನೊಂದು ಸಂಗತಿ ಕೇಳಿ. ಹಿಂದಿರುಗಲು ಹೊರಟ ದಿನವೇ ಅವರಿಗೆ ಮರಾಠರ ದಂಡು ಎದುರಾಯಿತು. ಹರಿಪಂತ, ಪರಶುರಾಮ ಭಾವು ಇಬ್ಬರೂ ಬಂದಿದ್ದರು, ಅವರ ದಂಡಿನ ಬಜಾರಿನಲ್ಲಿ ಬೇಕಾದಷ್ಟು ಧಾನ್ಯವಿತ್ತು. ಮಿತ್ರರು ಅಷ್ಟು ಹತ್ತಿರ ಬಂದಿದ್ದರೂ ಕಾರ್ನ್‌ವಾಲಿಸ್‌ಗೆ ಸುಳಿವೇ ಇರಲಿಲ್ಲ. ಟಿಪ್ಪುವಿನ ಸವಾರರು ಓಲೆ ತರುವವರನ್ನು ನಡುದಾರಿಯಲ್ಲೇ ಹಿಡಿಯುತ್ತಿದ್ದರು. ಮೊದಲು ಕಣ್ಣಿಗೆ ಬಿದ್ದ ಮರಾಠಾ ಕುದುರೆಗಳನ್ನು ಇಂಗ್ಲಿಷರು ಶತ್ರುಗಳೆಂದೇ ತಿಳಿದರು. ಕಾಳಗ ಸೋತೂ ದಂಡಯಾತ್ರೆಯನ್ನೇ ಮುರಿದ ಈ ಜಾಣ್ಮೆಗೆ ಸಿಗಬೇಕಾದ ಮನ್ನಣೆ, ರಾಕೆಟ್ಟುಗಳ ಮಾತಿನ ನಡುವೆ ಇವತ್ತಿಗೂ ಸಿಕ್ಕಿಲ್ಲ ಅನ್ನುವ ಕೊರಗು ನನಗಿದೆ.

ಆದರೆ ಎದುರಾಳಿ ಪಾಠ ಕಲಿತ. ಮುಂದಿನ ತಿಂಗಳುಗಳಲ್ಲಿ ರಾಜಧಾನಿಯ ತಂಟೆಗೇ ಹೋಗದೆ ದಾರಿ ಭದ್ರಮಾಡಿಕೊಂಡ. ಅಕ್ಟೋಬರ್‌ನಲ್ಲಿ ನಂದಿದುರ್ಗ, ಡಿಸೆಂಬರ್‌ನಲ್ಲಿ ಸಾವನದುರ್ಗ ಹಿಡಿದ. ಸಾಮಗ್ರಿ ಸಾಗುವ ದಾರಿಗೆ ಕಂಟಕವಾಗಬಲ್ಲ ಬೆಟ್ಟದ ಕೋಟೆಗಳಿವು. ಹೇರೆತ್ತುಗಳ ಮೇಲೆ ಧಾನ್ಯ ಸಾಗಿಸುವ ಲಂಬಾಣಿ ವರ್ತಕರನ್ನು ಹಣ ಕೊಟ್ಟು ಒಲಿಸಿಕೊಂಡ. ದಯವಿಟ್ಟು ಅದನ್ನು ದ್ರೋಹದ ಲೆಕ್ಕಕ್ಕೆ ಸೇರಿಸಬೇಡಿ. ಯಾವ ದಂಡಿಗಾದರೂ ಧಾನ್ಯ ಮಾರುವುದು ಅವರ ಕಸುಬಾಗಿತ್ತು. 1792ರ ಫೆಬ್ರವರಿ 6ರ ರಾತ್ರಿ ಶ್ರೀರಂಗಪಟ್ಟಣದ ಮೇಲೆ ದಾಳಿ ನಡೆಯಿತು, ಮಾರ್ಚ್‌ನಲ್ಲಿ ಒಪ್ಪಂದವಾಯಿತು. ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ, ಜೊತೆಗೆ ಟಿಪ್ಪುವಿನ ಇಬ್ಬರು ಗಂಡುಮಕ್ಕಳು ಒತ್ತೆ.

ಪ್ರಶ್ನೆ: ಹೈದರಾಲಿಯ ದಂಡು ಅಷ್ಟು ವೇಗವಾಗಿ ಸಾಗುತ್ತಿದ್ದ ಗುಟ್ಟೇನು?
(ಹಾಸನದ ಓದುಗರು)

ಉತ್ತರ: ಅದೂ ಎತ್ತೇ. ಚಿಕ್ಕದೇವರಾಜ ಒಡೆಯರು ಕಟ್ಟಿದ ಬೆಣ್ಣೆ ಚಾವಡಿಯ, ಅಂದರೆ ಅರಮನೆಯ ದನಗಳ ಇಲಾಖೆಯ, ದನಗಳು ಹೈದರನ ಕೈಗೆ ಬಂದವು. ಅವುಗಳ ಬಲದಿಂದಲೇ 1781ರಲ್ಲಿ ಚಿದಂಬರದ ನೆರವಿಗೆ ಎರಡೂವರೆ ದಿನದಲ್ಲಿ 100 ಮೈಲಿ ನಡೆದ ಎಂದು ದಾಖಲೆಯಿದೆ. ಆ ಇಲಾಖೆಗೆ ಅಮೃತ ಮಹಲ್ ಎಂದು ಹೆಸರಿಟ್ಟವನು ಟಿಪ್ಪು. ತಳಿ ಈಗಲೂ ಅಜ್ಜಂಪುರದ ಸಂವರ್ಧನಾ ಕೇಂದ್ರದಲ್ಲಿದೆ. ಅವು ಮೇಯುತ್ತಿದ್ದ ಕಾವಲುಗಳು ಮಾತ್ರ ಒತ್ತುವರಿಯಾಗಿ, ಬೇರೆ ಬೇರೆ ಕೆಲಸಕ್ಕೆ ಮಂಜೂರಾಗಿ ಕರಗುತ್ತಿವೆ. ನಿಮ್ಮ ಜಿಲ್ಲೆಯಲ್ಲೂ ಕಾವಲುಗಳಿವೆ. ಹತ್ತಿರದ್ದು ಯಾವುದು, ಅದರಲ್ಲಿ ಎಷ್ಟು ಉಳಿದಿದೆ ಎಂದು ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಿ ನನಗೆ ಬರೆಯಿರಿ.