ಗ್ಲೌಸ್ ಒಂದಿದ್ದರೆ ಸಾಕೇ?

ಪ್ರಶ್ನೆ: ಹುಬ್ಬಳ್ಳಿಯ ಆಸ್ಪತ್ರೆಯೊಂದರ ಡೇ ಕೇರ್ ವಾರ್ಡಿನಲ್ಲಿ ಸ್ಟಾಫ್ ನರ್ಸ್ ಆಗಿದ್ದೇನೆ. ದಿನಾ ಎಂಟು-ಹತ್ತು ಪೇಶಂಟ್‌ಗಳಿಗೆ ಕಿಮೋ (ಕ್ಯಾನ್ಸರ್ ಔಷಧ) ಕಲಸಿ ಲೋಡ್ ಮಾಡುವವಳು ನಾನೇ. ಈಗ ಎರಡು ತಿಂಗಳ ಗರ್ಭಿಣಿ. ‘ಗ್ಲೌಸ್, ಮಾಸ್ಕ್ ಹಾಕ್ಕೊಂಡ್ರ ಏನೂ ಆಗಂಗಿಲ್ಲ’ ಅಂತಾರೆ ಸೀನಿಯರ್‌ಗಳು. ನಂಬಬಹುದೇ?
– ಒಬ್ಬ ಸಹೋದರಿ, ಹುಬ್ಬಳ್ಳಿ

ಉತ್ತರ: ನಂಬಬೇಡ ತಂಗಿ. ಇವತ್ತೇ ನರ್ಸಿಂಗ್ ಸೂಪರಿಂಟೆಂಡೆಂಟ್ ಅವರಿಗೆ ಅರ್ಜಿ ಬರೆ: ಗರ್ಭಿಣಿ ಇದ್ದೇನೆ, ಕಿಮೋ ಬಿಟ್ಟು ಬೇರೆ ಡ್ಯೂಟಿ ಕೊಡಿ ಅಂತ. ಒಂದು ಪ್ರತಿಗೆ ಸಹಿ ಮಾಡಿಸಿಕೊಂಡು ಇಟ್ಟುಕೋ. ಈ ಔಷಧಗಳಲ್ಲಿ ಹಲವು ಬಸಿರಿಗೆ ಕೆಡುಕು, ಮೊದಲ ಮೂರು ತಿಂಗಳಂತೂ ಹೆಚ್ಚು. ಗಾಬರಿಯಾಗಬೇಡ, ಯಾವ ಯಾವ ಔಷಧ ಲೋಡ್ ಮಾಡಿದ್ದೀ ಎಂದು ನಿನ್ನ ಹೆರಿಗೆ ಡಾಕ್ಟರಿಗೆ ಹೇಳು.

ನಾನು ಗದಗ ಕಡೆಯವಳು, ಇಪ್ಪತ್ತಾರು ವರ್ಷ ವಾರ್ಡಿನಲ್ಲಿ ಕಳೆದವಳು. ಆಗ ಕಿಟಕಿ ಪಕ್ಕದ ಟೇಬಲ್ಲಿನ ಮೇಲೇ ಎಲ್ಲ ಕಲಸುತ್ತಿದ್ದೆವು. ಸೈಕ್ಲೋಫಾಸ್ಫಮೈಡ್ ಎಂಬ ಕಿಮೋ ಪುಡಿಯ ವಯಲ್‌ಗೆ (ಪುಟ್ಟ ಸೀಸೆಗೆ) ಸಲೈನ್ ತಳ್ಳಿ ಸೂಜಿ ಎಳೆದರೆ ‘ಚಿಸ್’ ಅಂತ ಸಣ್ಣ ಸದ್ದು. ಔಷಧ ಗಾಳಿಗೆ ಹಾರಿತು ಅನ್ನುವುದಕ್ಕೆ ಆ ಸದ್ದೇ ಗುರುತು ಎಂದು ನಮಗೆ ಯಾರೂ ಹೇಳಿರಲಿಲ್ಲ. ಮೇಲೆ ಫ್ಯಾನ್ ಬೇರೆ ತಿರುಗುತ್ತಿತ್ತು. ಸರ್ಜಿಕಲ್ ಮಾಸ್ಕ್ ಅಷ್ಟು ಸಣ್ಣ ಹನಿ ತಡೆಯುವುದಿಲ್ಲ. 1979ರಲ್ಲೇ ಫಿನ್ಲೆಂಡಿನಲ್ಲಿ ಕಿಮೋ ನರ್ಸ್‌ಗಳ ಮೂತ್ರದಲ್ಲಿ ವಂಶವಾಹಿ ಕೆಡಿಸುವ ಗುಣ ಕಂಡಿತ್ತು. ಆ ಸುದ್ದಿ ನಮ್ಮ ವಾರ್ಡ್ ಮುಟ್ಟಲು ವರ್ಷಗಳೇ ಹಿಡಿದವು.

ಕಲಸುವುದು ಬಯೋಸೇಫ್ಟಿ ಕ್ಯಾಬಿನೆಟ್ (ಔಷಧದ ಗಾಳಿ ಹೊರಗೆ ಬರದಂತೆ ಎಳೆದು ಸೋಸುವ ಪೆಟ್ಟಿಗೆ) ಒಳಗೇ ಆಗಬೇಕು. ಸಲೈನ್ ಒಮ್ಮೆಲೇ ದಬ್ಬಬಾರದು. ಸ್ವಲ್ಪ ಬಿಟ್ಟು, ಅಷ್ಟೇ ಗಾಳಿಯನ್ನು ಸಿರಿಂಜಿಗೆ ಎಳೆದುಕೊಳ್ಳುತ್ತ ಹೋಗಬೇಕು. ಆಗ ಆ ‘ಚಿಸ್’ ಬರುವುದಿಲ್ಲ. ಪೌಡರ್ ಇಲ್ಲದ ಗ್ಲೌಸ್ ಎರಡು ಜೋಡಿ, ಒಂದು ಗೌನಿನ ತೋಳಿನೊಳಗೆ, ಇನ್ನೊಂದು ತೋಳಿನ ಮೇಲೆ. ಅರ್ಧ ಗಂಟೆಗೊಮ್ಮೆ ಬದಲಿಸು. ಗೌನು ನೀರು ಇಳಿಯದ್ದಿರಲಿ, ಹತ್ತಿಯದು ಬೇಡ.

ನಿನ್ನ ಪತ್ರದಲ್ಲಿ ಆಯಾ ಬಗ್ಗೆ ಮಾತೇ ಇಲ್ಲವಲ್ಲ. ಡಾಕ್ಸೊರುಬಿಸಿನ್ ಎಂಬ ಕೆಂಪು ಕಿಮೋ ಔಷಧ ಕೊಟ್ಟ ಮೇಲೆ ಪೇಶಂಟಿನ ಮೂತ್ರ ಕೆಂಪಗಾಗುತ್ತದೆ. ನಮ್ಮ ಆಯಾ ಅದನ್ನು ರಕ್ತ ಅಂದುಕೊಂಡು, ಬರಿಗೈಲಿ ಬೆಡ್‌ಪ್ಯಾನ್ ತೊಳೆದು, ನೀರಷ್ಟೇ ಸುರಿದುಕೊಂಡು, ಅದೇ ಕೈಲಿ ರೊಟ್ಟಿ ಬುತ್ತಿ ಬಿಚ್ಚಿದ್ದು ಇನ್ನೂ ಕಣ್ಣಿಗೆ ಕಟ್ಟಿದೆ. ಕಿಮೋ ಕೊಟ್ಟ 48 ಗಂಟೆ ಮಲ, ಮೂತ್ರ, ವಾಂತಿ, ಹಾಸಿಗೆ ಬಟ್ಟೆ ಎಲ್ಲದರಲ್ಲೂ ಔಷಧದ ಅಂಶ ಇರುತ್ತದೆ. ಔಷಧ ತಾಗಿದ ಕಸ ಬೇರೆಯಾಗಿ ಗುರುತು ಹಾಕಿದ ಹಳದಿ ಚೀಲಕ್ಕೆ ಹೋಗಬೇಕು. ಆಸ್ಪತ್ರೆ ಕಸದ ಬಗೆಗಿನ 2016ರ ನಿಯಮದಲ್ಲಿ ಅದನ್ನು 1200 ಡಿಗ್ರಿಗಿಂತ ಹೆಚ್ಚು ಶಾಖದಲ್ಲಿ ಸುಡಬೇಕೆಂದಿದೆ. ಆ ಚೀಲ ಕಟ್ಟಿ ಹೊರುವವಳೂ ಆಯಾನೇ. ನಿನ್ನ ಅರ್ಜಿಯ ಕೊನೆಗೆ ಅವಳ ಗ್ಲೌಸ್, ಗೌನಿಗೂ ಎರಡು ಸಾಲು ಬರೆ.