ಓದುಗರ ಪ್ರಶ್ನೆ, ವಕೀಲರ ಉತ್ತರ: ಮುಂದಿನ ವಾಯಿದೆ ಯಾವತ್ತು?

ಪ್ರಶ್ನೆ: ಮೇಡಂ, ನಾನು ಹೈಸ್ಕೂಲ್ ಟೀಚರ್. ಮನೆಯಲ್ಲಿ ಅತ್ತೆಗೆ ಶುಗರ್, ಮಗ ಎಸ್ಸೆಸ್ಸೆಲ್ಸಿ. ಯಜಮಾನರು ಬೇರೆ ಊರಲ್ಲಿ ಕೆಲಸ, ವಾರಕ್ಕೊಮ್ಮೆ ಬರುತ್ತಾರೆ. ಬಾಕಿ ಕೆಲಸವನ್ನೆಲ್ಲ ಫೋನಿನ ಆ್ಯಪ್‌ನಲ್ಲಿ ಬರೆದಿಡುತ್ತೇನೆ. ಪಟ್ಟಿ ಬೆಳೆಯುತ್ತಲೇ ಇದೆ, ಈಗ ತೆರೆಯುವುದಕ್ಕೇ ಬೇಜಾರು. ಸ್ಕೂಟರ್ ಇನ್ಶೂರೆನ್ಸ್ ಮುಗಿದದ್ದೂ ಗೊತ್ತಾಗಲಿಲ್ಲ. ಯಾವುದಾದರೂ ಒಳ್ಳೆ ಆ್ಯಪ್ ಹೇಳ್ತೀರಾ? ಪಟ್ಟಿಯ ಒಂದಷ್ಟು ಸಾಲು ಕೆಳಗೆ ಬರೆದಿದ್ದೇನೆ: ಇನ್ಶೂರೆನ್ಸ್, ಅತ್ತೆ ಕಣ್ಣು, ಖಾತಾ, ಮಗನ ಟ್ಯೂಷನ್.
– ಹೆಸರು ಬೇಡ, ದಾವಣಗೆರೆ

ಉತ್ತರ: ಆ್ಯಪ್ ಬದಲಿಸಬೇಡಿ ಟೀಚರ್. ಅದರ ತಪ್ಪೇನೂ ಇಲ್ಲ. ನಿಮ್ಮ ಪಟ್ಟಿಯಲ್ಲಿ ಯಾವ ಸಾಲಿಗೂ ತಾರೀಖಿಲ್ಲ. 'ಅತ್ತೆ ಕಣ್ಣು' ಅಂದರೆ ಏನು ಮಾಡಬೇಕು, ಯಾವತ್ತು ಮಾಡಬೇಕು? ಬರೆದ ನಿಮಗೇ ಗೊತ್ತಿಲ್ಲ. ಅದಕ್ಕೇ ಬೇಜಾರು.

ನಾನು ವಕೀಲೆ. ನನಗೆ ಗೊತ್ತಿರುವುದು ವಕೀಲರ ಡೈರಿ ಒಂದೇ, ಅದನ್ನೇ ಹೇಳುತ್ತೇನೆ. ನಮ್ಮ ಡೈರಿಯಲ್ಲಿ ದಿನಕ್ಕೊಂದು ಪುಟ. ಎಡಗಡೆ ಹಿಂದಿನ ವಾಯಿದೆ, ಅಂದರೆ ಕೇಸು ಕೋರ್ಟಿಗೆ ಬಂದಿದ್ದ ತಾರೀಖು, ಆಮೇಲೆ ಕೇಸ್ ನಂಬರ್, ಪಾರ್ಟಿಗಳ ಹೆಸರು, ಕೇಸು ಯಾವ ಹಂತದಲ್ಲಿದೆ, ಕೊನೆಯಲ್ಲಿ ಮುಂದಿನ ವಾಯಿದೆ. ಸಂಜೆ ಕೋರ್ಟಿನಿಂದ ಬಂದ ಮೇಲೆ ನಮ್ಮ ಗುಮಾಸ್ತರು ಅವತ್ತಿನ ಫೈಲುಗಳನ್ನು ಮೇಜಿನ ಮೇಲೆ ಪೇರಿಸಿಕೊಳ್ಳುತ್ತಾರೆ. ಒಂದೊಂದನ್ನೇ ತೆಗೆದು ಇವತ್ತಿನ ಸಾಲಿನ ಕೊನೆಯಲ್ಲಿ ಮುಂದಿನ ವಾಯಿದೆ ಬರೆಯುತ್ತಾರೆ. ಆ ತಾರೀಖಿನ ಪುಟ ತಿರುಗಿಸಿ ಅಲ್ಲೂ ಕೇಸನ್ನು ಹತ್ತಿಸುತ್ತಾರೆ. ಫೈಲಿನ ರಟ್ಟಿನ ಮೇಲೂ ಬರೆಯುತ್ತಾರೆ. ಆಮೇಲಷ್ಟೇ ಅದು ಬೀರುವಿಗೆ. ಕೊನೆಯ ಕಾಲಂ ಒಂದು ಖಾಲಿ ಇದ್ದರೂ ಅವರು ಮನೆಗೆ ಹೊರಡುವುದಿಲ್ಲ, ನನ್ನನ್ನೂ ಬಿಡುವುದಿಲ್ಲ! ಈಗ ಇ-ಕೋರ್ಟ್ಸ್ ಆ್ಯಪ್‌ನಲ್ಲೂ ಮುಂದಿನ ತಾರೀಖು ಸಿಗುತ್ತದೆ. ಆದರೂ ಡೈರಿ ಬಿಟ್ಟಿಲ್ಲ.

ಪಾಲಿನ ದಾವೆಗಳು ವರ್ಷಗಟ್ಟಲೆ ನಡೆಯುತ್ತವೆ. ಅವನ್ನೆಲ್ಲ ತಲೆಯಲ್ಲಿ ಹೊತ್ತು ತಿರುಗಿದರೆ ನಮಗೆ ಹುಚ್ಚು ಹಿಡಿಯುತ್ತಿತ್ತು. ಆ ತಾರೀಖಿನ ಪುಟ ಬರುವ ತನಕ ಆ ಕೇಸು ನಮ್ಮ ಪಾಲಿಗೆ ಇಲ್ಲ. ನಿಮಗೆ ಬೇಕಾಗಿರುವುದೂ ಈ ನಿರಾಳವೇ ಅಲ್ವಾ?

ಹಂತದ ಕಾಲಂ ಕೂಡ ಮುಖ್ಯ. ಅಲ್ಲಿ ನಾವು 'ಜಮೀನು ಗಲಾಟೆ' ಎಂದು ಬರೆಯುವುದಿಲ್ಲ. 'ಎರಡನೇ ಸಾಕ್ಷಿಯ ಪಾಟೀಸವಾಲು' ಎಂದು ಬರೆಯುತ್ತೇವೆ. ನೀವೂ 'ಅತ್ತೆ ಕಣ್ಣು' ಹೊಡೆದುಹಾಕಿ, 'ಕಣ್ಣಿನ ಡಾಕ್ಟರಿಗೆ ಫೋನ್ ಮಾಡಿ ಟೈಮ್ ತಗೊಳ್ಳೋದು, ಬುಧವಾರ' ಎಂದು ಬರೆಯಿರಿ. ಡಾಕ್ಟರು ಹದಿನೈದು ದಿನ ಬಿಟ್ಟು ಬನ್ನಿ ಅಂದರೆ ಫೋನ್ ಇಡುವ ಮುಂಚೆ ಆ ಪುಟಕ್ಕೆ ಹತ್ತಿಸಿ.

ಇನ್ನು ಕೊನೇ ದಿನ ಇರುವ ಕೆಲಸಗಳು. ಸಿವಿಲ್ ಡಿಕ್ರಿ ಮೇಲೆ ಜಿಲ್ಲಾ ಕೋರ್ಟಿಗೆ ಅಪೀಲು ಹಾಕಲು 30 ದಿನ, ಹೈಕೋರ್ಟಿಗಾದರೆ 90 ದಿನ. ಕೊನೇ ದಿನವನ್ನು ಮಾತ್ರ ಬರೆದಿಟ್ಟುಕೊಂಡವನು ಕೆಟ್ಟ. ತೀರ್ಪಿನ ನಕಲು ತೆಗೆಸಬೇಕು, ಕಕ್ಷಿದಾರರು ದುಡ್ಡು ಹೊಂದಿಸಬೇಕು. ಹಾಗಾಗಿ ಹತ್ತು ದಿನ ಮುಂಚಿನ ಪುಟದಲ್ಲಿ ಒಂದು ಎಚ್ಚರಿಕೆ ಇರಲೇಬೇಕು. ಸ್ಕೂಟರ್ ಇನ್ಶೂರೆನ್ಸಿಗೂ ಅಷ್ಟೇ. ಅದು ಮುಗಿದು 90 ದಿನ ದಾಟಿದರೆ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದವರಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಕೂಡ ಹೋಗುತ್ತದೆ, ಮೊದಲು ಅದನ್ನು ಮುಗಿಸಿ. ಮನೆ ಕಂದಾಯ ಏಪ್ರಿಲ್‌ನಲ್ಲೇ ಕಟ್ಟಿದರೆ ಶೇ. 5 ರಿಯಾಯಿತಿ ಇದೆ. ಅದನ್ನು ಏಪ್ರಿಲ್ 30ಕ್ಕಲ್ಲ, 10ಕ್ಕೆ ಬರೆಯಿರಿ. ವರ್ಷಕ್ಕೊಮ್ಮೆ ಬರುವ ಇಂಥವನ್ನೆಲ್ಲ ಹೊಸ ಡೈರಿ ಬಂದ ದಿನವೇ ಹತ್ತಿಸಿಬಿಡಿ.

ಬರೆದದ್ದು ಆಗದಿದ್ದರೆ? ಮುಂದಕ್ಕೆ ಹಾಕಿ, ತಪ್ಪಲ್ಲ. ವಿಚಾರಣೆ ನಡೆಯುವಾಗ ಒಬ್ಬ ಪಾರ್ಟಿಗೆ ಮೂರಕ್ಕಿಂತ ಜಾಸ್ತಿ ಸಲ ಕೇಸು ಮುಂದೂಡಬಾರದು ಎಂದು ಸಿವಿಲ್ ಪ್ರೊಸೀಜರ್ ಕೋಡ್ ಹೇಳುತ್ತದೆ. ಕೋರ್ಟಿನಲ್ಲಿ ಅದು ಎಷ್ಟು ನಡೆಯುತ್ತದೆ ಎಂದು ನನ್ನ ಬಾಯಲ್ಲಿ ಹೇಳಿಸಬೇಡಿ. ಮನೆಯಲ್ಲಾದರೂ ನಡೆಸಿ. ನಾಲ್ಕನೇ ಸಲಕ್ಕೆ ಆ ಕೆಲಸ ಮಾಡಬೇಕು, ಇಲ್ಲ ಯಜಮಾನರಿಗೆ ವಹಿಸಬೇಕು, ಇಲ್ಲ ವಜಾ ಮಾಡಬೇಕು. ಖಾತಾ ಕೆಲಸ ಯಜಮಾನರಿಗೇ ಸರಿ ಎಂದು ನನಗನ್ನಿಸುತ್ತದೆ. ಆದರೆ ಕಚೇರಿಗೆ ಯಾವತ್ತು ಹೋಗುತ್ತಾರೆ ಎಂಬ ತಾರೀಖನ್ನು ಅವರ ಬಾಯಿಂದಲೇ ಹೇಳಿಸಿ ಬರೆದುಕೊಳ್ಳಿ.

ನಮ್ಮ ಗುಮಾಸ್ತರು ಆಗಾಗ ಬೀರು ತೆರೆದು, ವಾಯಿದೆ ಇಲ್ಲದ ಫೈಲು ಯಾವುದಾದರೂ ಮೂಲೆ ಸೇರಿದೆಯಾ ಎಂದು ಹುಡುಕುತ್ತಾರೆ. ನಿಮಗೆ ಶನಿವಾರ ಅರ್ಧ ದಿನ ಸ್ಕೂಲು. ಊಟ ಆದ ಮೇಲೆ ಆ್ಯಪ್‌ನ ಹಳೆ ಪಟ್ಟಿ ತೆಗೆದುಕೊಂಡು ಕೂತು, ಒಂದೊಂದು ಸಾಲಿಗೂ ತಾರೀಖು ಕೊಡಿ, ಇಲ್ಲ ಅಳಿಸಿ. ದಿನಕ್ಕೆ ಐದು ಸಾಲಿಗಿಂತ ಜಾಸ್ತಿ ಬೇಡ. ಪರೀಕ್ಷೆ ಪೇಪರ್ ತಿದ್ದುವ ವಾರ ಎರಡೇ ಸಾಕು.

ಪ್ರಶ್ನೆ: ಕೆಎಎಸ್‌ಗೆ ಓದುತ್ತಿದ್ದೇನೆ. 25 ನಿಮಿಷ ಓದಿ 5 ನಿಮಿಷ ಬಿಡುವು ಕೊಡುವ ಪೊಮೊಡೊರೊ ಪದ್ಧತಿ ಪಾಲಿಸುತ್ತೇನೆ. ಓದಿನಲ್ಲಿ ಮುಳುಗಿದಾಗಲೇ ಅಲಾರಂ ಹೊಡೆಯುತ್ತದೆ. ಏನು ಮಾಡಲಿ ಮೇಡಂ?
– ಒಬ್ಬ ಅಭ್ಯರ್ಥಿ, ಧಾರವಾಡ

ಉತ್ತರ: ಅಲಾರಂ ಆಫ್ ಮಾಡಿ ಓದಪ್ಪ. ಫ್ರಾನ್ಸೆಸ್ಕೊ ಸಿರಿಲ್ಲೊ ಎಂಬ ಇಟಲಿಯ ವಿದ್ಯಾರ್ಥಿ 1980ರ ದಶಕದ ಕೊನೆಗೆ, ಓದಲು ಮನಸ್ಸು ಕೂರದೆ, ಟೊಮೆಟೊ ಆಕಾರದ ಅಡುಗೆಮನೆ ಟೈಮರ್ ಇಟ್ಟುಕೊಂಡು ಶುರು ಮಾಡಿದ ಪದ್ಧತಿ ಅದು. ಪುಸ್ತಕ ಮುಟ್ಟಲು ಮನಸ್ಸಿಲ್ಲದ ದಿನಕ್ಕೆ ಒಳ್ಳೆಯದು. ಮನಸ್ಸು ಕೂತ ದಿನ ಅದರ ಹಂಗೇಕೆ? ನಿಮ್ಮ ಮೇನ್ಸ್ ಪೇಪರ್ ಮೂರು ಗಂಟೆಯದು, ಅಲ್ಲಿ ನಡುವೆ ಎದ್ದು ಟೀ ಕುಡಿಯಲು ಬಿಡುವುದಿಲ್ಲ. ಒಂದೊಂದು ವಾರಕ್ಕೆ ಹದಿನೈದು ನಿಮಿಷ ಏರಿಸುತ್ತಾ ಹೋಗಿ. ಭಾನುವಾರ ಮಾತ್ರ ಹಳೆ ಪ್ರಶ್ನೆಪತ್ರಿಕೆ ಇಟ್ಟುಕೊಂಡು ಪೂರ್ತಿ ಮೂರು ಗಂಟೆ ಬರೆಯಿರಿ, ಫೋನು ರೂಂಮೇಟ್ ಹತ್ತಿರ ಇರಲಿ.