ಇಂಪ್ಲಾಂಟ್ ಚೀಟಿ ಕಳೆದುಹೋಗಿದೆ, ಈಗೇನು ಮಾಡಲಿ?

ಪ್ರಶ್ನೆ: ಡಾಕ್ಟರ್ ಮೇಡಂ, ನನಗೀಗ 61 ವರ್ಷ. 2003ರಲ್ಲಿ ಬೆಂಗಳೂರಿನ ಒಂದು ನರ್ಸಿಂಗ್ ಹೋಮ್‌ನಲ್ಲಿ ಎಡ ಸ್ತನದ ಕ್ಯಾನ್ಸರ್‌ಗೆ ಆಪರೇಷನ್ ಆಯಿತು. ಆಮೇಲೆ ಅಲ್ಲೇ ಸ್ತನದ ಜಾಗಕ್ಕೆ ಇಂಪ್ಲಾಂಟ್ ಅನ್ನುವ ಕೃತಕ ಚೀಲ ಹಾಕಿದರು. ಆ ನರ್ಸಿಂಗ್ ಹೋಮ್ ಈಗಿಲ್ಲ, ಆ ಜಾಗದಲ್ಲಿ ಅಪಾರ್ಟ್‌ಮೆಂಟ್ ಎದ್ದಿದೆ. ಆಪರೇಷನ್ ಮಾಡಿದ ಡಾಕ್ಟರೂ ತೀರಿಕೊಂಡರು. ಮನೆ ಬದಲಾಯಿಸುವಾಗ ಫೈಲ್ ಎಲ್ಲಿ ಹೋಯಿತೋ ಗೊತ್ತಿಲ್ಲ. ಮೊನ್ನೆ ಸ್ಕ್ಯಾನಿಂಗ್ ಸೆಂಟರ್‌ನಲ್ಲಿ "ಯಾವ ಕಂಪನಿದು, ಯಾವ ತರಹದ್ದು" ಅಂತ ಕೇಳಿದಾಗ ಸುಮ್ಮನೆ ನಿಂತೆ. ಕೆಲವು ಇಂಪ್ಲಾಂಟ್‌ಗಳನ್ನು ಕಂಪನಿಯವರೇ ವಾಪಸ್ ತರಿಸಿಕೊಂಡಿದ್ದಾರೆ ಅಂತ ಮಗಳು ಫೋನ್‌ನಲ್ಲಿ ಓದಿ ಹೇಳಿದ ಮೇಲೆ ನಿದ್ದೆ ಬರುತ್ತಿಲ್ಲ. ಸ್ಕ್ಯಾನ್ ಮಾಡಿದರೆ ಕಂಪನಿ ಹೆಸರು ಗೊತ್ತಾಗುತ್ತಾ?
ಹೆಸರು ಬೇಡ, ಮೈಸೂರು

ಉತ್ತರ: ಅಮ್ಮಾ, ನೇರವಾಗಿ ಹೇಳಿಬಿಡುತ್ತೇನೆ. ಸ್ಕ್ಯಾನ್‌ನಲ್ಲಿ ಕಂಪನಿ ಹೆಸರು ಸಾಮಾನ್ಯವಾಗಿ ಕಾಣಿಸುವುದಿಲ್ಲ. ಆದರೆ ನಿಮ್ಮನ್ನು ನೋಡಿಕೊಳ್ಳುವ ಡಾಕ್ಟರಿಗೆ ಬೇಕಾದ ವಿಷಯಗಳಲ್ಲಿ ಹೆಚ್ಚಿನವು ಕಾಣಿಸುತ್ತವೆ. ಹೆಸರು ಸಿಗಬೇಕಾದದ್ದು ಕಾಗದದಲ್ಲಿ. ಆ ಕಾಗದ ನೀವು ಹುಡುಕದೇ ಇರುವ ಜಾಗದಲ್ಲಿ ಇರುವ ಸಾಧ್ಯತೆ ಜಾಸ್ತಿ.

ಮೊದಲು ಕಾಗದದ ಮಾತು. ಇಂಪ್ಲಾಂಟ್ ಡಬ್ಬಿಯೊಳಗೆ ಕಿತ್ತು ಅಂಟಿಸುವ ಪುಟ್ಟ ಸ್ಟಿಕ್ಕರ್‌ಗಳು ಇರುತ್ತವೆ, ಒಂದಲ್ಲ, ಮೂರ್ನಾಲ್ಕು. ಒಂದನ್ನು ಆಪರೇಷನ್ ನೋಟ್ಸ್‌ಗೆ ಅಂಟಿಸುತ್ತಾರೆ, ಒಂದು ರೋಗಿಯ ಕಾರ್ಡ್‌ಗೆ. ಅದರ ಮೇಲೆ ಕಂಪನಿ ಹೆಸರು, ಆರ್‌ಇಎಫ್ ಅಂತ ಒಂದು ನಂಬರ್, ಲಾಟ್ ನಂಬರ್ (ಒಟ್ಟಿಗೆ ತಯಾರಾದ ಕಂತಿನ ನಂಬರ್), ಸೀರಿಯಲ್ ನಂಬರ್, ಎಷ್ಟು ಸಿಸಿ ಅನ್ನುವ ಗಾತ್ರ ಇಷ್ಟೂ ಇರುತ್ತದೆ. ಎರಡೂ ಕಡೆ ಹಾಕಿದ್ದರೆ ಎರಡು ಬೇರೆ ಬೇರೆ ಸೀರಿಯಲ್ ನಂಬರ್. ಒಬ್ಬ ಟೀಚರ್ ನನ್ನ ಹತ್ತಿರ ಬರುತ್ತಿದ್ದರು, ಅವರದ್ದೂ ನಿಮ್ಮದೇ ಕಥೆ, ಎಲ್ಲ ಹೋಯಿತು ಅಂತ ಕೈಚೆಲ್ಲಿ ಕೂತಿದ್ದರು. ಬೀರು ಮೇಲೆ ಸೀರೆ ಅಂಗಡಿಯ ಪ್ಲಾಸ್ಟಿಕ್ ಕವರ್‌ನಲ್ಲಿ ಹಳೇ ಎಕ್ಸ್‌ರೇಗಳ ನಡುವೆ ಡಿಸ್ಚಾರ್ಜ್ ಸಮ್ಮರಿ ಮಡಚಿಕೊಂಡು ಕೂತಿತ್ತು. ತಂದು ನನ್ನ ಟೇಬಲ್ ಮೇಲೆ ಬಿಡಿಸಿದಾಗ ಅದರ ಬೆನ್ನಿಗಿದ್ದ ಸ್ಟಿಕ್ಕರ್ ಗೋಂದು ಒಣಗಿ ಉದುರಿ ಕೈಗೇ ಬಂತು. ಅರ್ಧ ಅಕ್ಷರ ಮಾಸಿತ್ತು. ಆದರೂ ಲಾಟ್ ನಂಬರ್ ಉಳಿದಿತ್ತು, ಅಷ್ಟು ಸಾಕಾಯಿತು.

ಹಾಗಾಗಿ ಫೈಲ್ ಹುಡುಕಬೇಡಿ, ಬಿಡಿ ಕಾಗದ ಹುಡುಕಿ. ಹಳೇ ಮ್ಯಾಮೊಗ್ರಾಂ ಕವರ್, ಕಿಮೋ ಕೊಟ್ಟ ಆಸ್ಪತ್ರೆಯ ಪುಸ್ತಕ, ಬಯಾಪ್ಸಿ ರಿಪೋರ್ಟ್. ಇನ್ಶೂರೆನ್ಸ್ ಕ್ಲೇಮ್ ಮಾಡಿದ್ದರೆ ಇಂಪ್ಲಾಂಟ್ ಬಿಲ್ಲನ್ನು ಬೇರೆಯಾಗಿ ಕೇಳಿರುತ್ತಾರೆ. ನಿಮ್ಮ ಯಜಮಾನರು ಸರ್ಕಾರಿ ಕೆಲಸದಲ್ಲಿದ್ದು ಮೆಡಿಕಲ್ ಬಿಲ್ ಹಾಕಿದ್ದರೆ ಆ ಬಿಲ್ಲಿನ ನಕಲು ಕಚೇರಿಯಲ್ಲಿ ಇದ್ದರೂ ಇರಬಹುದು, ಒಂದು ಸಲ ವಿಚಾರಿಸಿ. ಕ್ಯಾನ್ಸರ್ ಡಾಕ್ಟರ್ ಬೇರೆ ಆಸ್ಪತ್ರೆಯವರಾಗಿದ್ದರೆ ಅಲ್ಲಿನ ಎಂಆರ್‌ಡಿಗೆ, ಅಂದರೆ ಕೇಸ್ ಶೀಟ್ ಇಡುವ ವಿಭಾಗಕ್ಕೆ, ಹೆಸರು ಮತ್ತು ವರ್ಷ ಬರೆದು ಅರ್ಜಿ ಕೊಡಿ. ನಮ್ಮ ದೇಶದಲ್ಲಿ 2002ರ ವೈದ್ಯರ ನಿಯಮದ ಪ್ರಕಾರ ಒಳರೋಗಿಗಳ ದಾಖಲೆಯನ್ನು ಚಿಕಿತ್ಸೆ ಶುರುವಾದ ದಿನದಿಂದ ಕಡ್ಡಾಯವಾಗಿ ಇಡಬೇಕಾದದ್ದು 3 ವರ್ಷ ಮಾತ್ರ. ರೋಗಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಅಂತಲೂ ಅದರಲ್ಲಿದೆ. 20 ವರ್ಷ ಮೈಯೊಳಗೆ ಇರುವ ವಸ್ತುವಿಗೆ 3 ವರ್ಷದ ದಾಖಲೆ ಯಾವ ಮೂಲೆಗೆ ಸಾಕು? ನನಗೆ ಇದು ನಿಜಕ್ಕೂ ಸಿಟ್ಟು ಬರಿಸುವ ವಿಷಯ. ಆದರೂ ಎಷ್ಟೋ ಆಸ್ಪತ್ರೆಗಳು ಅದಕ್ಕಿಂತ ಜಾಸ್ತಿ ವರ್ಷ ಇಟ್ಟಿರುತ್ತವೆ, ಕೇಳದೆ ಬಿಡಬೇಡಿ. ಕೇಸ್ ಶೀಟ್ ಹೋಗಿದ್ದರೂ ಆಪರೇಷನ್ ಥಿಯೇಟರ್‌ನ ರಿಜಿಸ್ಟರ್ ಉಳಿದಿರುವುದುಂಟು.

ಕಾಗದದಲ್ಲಿ ಕಂಪನಿಯ ಹಳೇ ಹೆಸರು ಸಿಕ್ಕರೆ "ಈ ಕಂಪನಿ ಈಗ ಇಲ್ಲ" ಅಂತ ಕೈಬಿಡಬೇಡಿ. ಮೆಕ್‌ಗ್ಯಾನ್ ಅನ್ನುವ ಕಂಪನಿ ಇನಾಮೆಡ್ ಆಯಿತು, ಅದನ್ನು 2006ರಲ್ಲಿ ಅಲರ್ಗನ್ ಕೊಂಡಿತು, 2020ರಲ್ಲಿ ಅಲರ್ಗನ್‌ನ್ನು ಆಬ್‌ವೀ ಕೊಂಡಿತು. ಹೆಸರು ಬದಲಾಯಿತು ಅಷ್ಟೇ, ಪತ್ರ ಬರೆಯೋಕೆ ಒಂದು ವಿಳಾಸ ಇದೆ. ಸೀರಿಯಲ್ ಇಲ್ಲದಿದ್ದರೂ ಆಪರೇಷನ್ ತಾರೀಖು, ಸರ್ಜನ್ ಹೆಸರು, ಆಸ್ಪತ್ರೆ ಹೆಸರು ಬರೆದು ಕೇಳಿ.

ಈಗ ಸ್ಕ್ಯಾನ್ ವಿಷಯ. ಮ್ಯಾಮೊಗ್ರಾಂನಲ್ಲಿ ಸಿಲಿಕೋನ್ ಜೆಲ್ ಗಟ್ಟಿ ಬಿಳಿಯಾಗಿ ಕಾಣುತ್ತದೆ. ಒಳಗೆ ಸಲೈನ್ ಅಂದರೆ ಉಪ್ಪುನೀರು ಇದ್ದರೆ ಅದು ಸ್ವಲ್ಪ ತೆಳುವಾಗಿ ಕಾಣುತ್ತದೆ, ನೀರು ತುಂಬುವ ವಾಲ್ವ್ ಕೂಡ ಬಹಳ ಸಲ ಕಣ್ಣಿಗೆ ಬೀಳುತ್ತದೆ. ಎಂಆರ್‌ಐನಲ್ಲಿ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ: ಜೆಲ್ಲೋ ನೀರೋ, ಒಂದೇ ಚೀಲವೋ ಒಂದರೊಳಗೊಂದು ಎರಡು ಚೀಲವೋ, ಒಡೆದಿದೆಯೋ ಇಲ್ಲವೋ. ಜೆಲ್ ಚೀಲ ಒಳಗೇ ಒಡೆದಿದ್ದರೆ ಅದರ ಹೊದಿಕೆ ಮಡಚಿಕೊಂಡು ಜೆಲ್‌ನಲ್ಲಿ ತೇಲುತ್ತಿರುತ್ತದೆ, ಚಿತ್ರದಲ್ಲಿ ನೋಡಿದರೆ ಪಾಯಸದಲ್ಲಿ ಶ್ಯಾವಿಗೆ ಬಿದ್ದ ಹಾಗೆ. ಮೇಲ್ಮೈ ನುಣುಪೋ ತರಿತರಿಯೋ ಅನ್ನೋದನ್ನು ಮಾತ್ರ ಸ್ಕ್ಯಾನ್ ನೋಡಿ ಖಚಿತವಾಗಿ ಹೇಳುವುದು ಕಷ್ಟ. ನಿಮ್ಮ ಮಗಳು ಓದಿದ ಸುದ್ದಿಗೆ ಬೇಕಾದದ್ದು ಅದೇ, ಅಲ್ವಾ?

ಆ ಸುದ್ದಿ ಸುಳ್ಳಲ್ಲ. 2019ರ ಜುಲೈನಲ್ಲಿ ಅಲರ್ಗನ್ ತನ್ನ ಬಯೋಸೆಲ್ ಅನ್ನುವ ತರಿತರಿ ಮೇಲ್ಮೈಯ ಇಂಪ್ಲಾಂಟ್‌ಗಳನ್ನು ಜಗತ್ತಿನಾದ್ಯಂತ ವಾಪಸ್ ಪಡೆಯಿತು. ಕಾರಣ ಬಿಐಎ-ಎಎಲ್‌ಸಿಎಲ್ ಅನ್ನುವ ಅಪರೂಪದ ಲಿಂಫೋಮಾ. ಇದು ಸ್ತನದ ಕ್ಯಾನ್ಸರ್ ಅಲ್ಲ, ಇಂಪ್ಲಾಂಟ್ ಸುತ್ತ ಬೆಳೆಯುವ ಪೊರೆಯಲ್ಲಿ ಹುಟ್ಟುವ ರಕ್ತಕಣದ ಕ್ಯಾನ್ಸರ್. ವಾಪಸ್ ಪಡೆದರು ಅಂದರೆ ಮಾರುವುದನ್ನು, ಹೊಸದಾಗಿ ಹಾಕುವುದನ್ನು ನಿಲ್ಲಿಸಿದರು ಅಂತ. ತೊಂದರೆ ಏನೂ ಇಲ್ಲದವರು ತೆಗೆಸಿಕೊಳ್ಳಿ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಕೂಡ ಹೇಳಿಲ್ಲ. ಅಂದರೆ ನಿಮ್ಮದು ಆ ಕಂಪನಿಯದೇ ಅಂತ ನಾಳೆ ಗೊತ್ತಾದರೂ, ತೊಂದರೆ ಇಲ್ಲದಿದ್ದರೆ ಮಾಡಬೇಕಾದದ್ದು ಈಗ ಮಾಡಬೇಕಾದದ್ದೇ: ಕಣ್ಣಿಟ್ಟಿರುವುದು.

ಕಣ್ಣಿಡಬೇಕಾದದ್ದು ಇದಕ್ಕೆ. ವರ್ಷಗಟ್ಟಲೆ ಸುಮ್ಮನಿದ್ದ ಕಡೆ ಇದ್ದಕ್ಕಿದ್ದಂತೆ ಊದಿಕೊಂಡರೆ, ಗಂಟು ಸಿಕ್ಕರೆ, ಕಂಕುಳಲ್ಲಿ ಗಡ್ಡೆ ಆದರೆ, ಆಕಾರ ಬದಲಾದರೆ ಕಾಯಬೇಡಿ. ಇಂಪ್ಲಾಂಟ್ ಸುತ್ತ ನೀರು ತುಂಬಿದ್ದರೆ ಅದನ್ನು ಸೂಜಿಯಲ್ಲಿ ತೆಗೆದು ಸುಮ್ನೆ ಚೆಲ್ಲಿಬಿಡುವಂತಿಲ್ಲ, ಲ್ಯಾಬ್‌ಗೆ ಕಳಿಸಿ ಆ ಲಿಂಫೋಮಾ ಇದೆಯಾ ಅಂತ ನೋಡಲು ಸಿಡಿ30 ಅನ್ನುವ ಪರೀಕ್ಷೆ ಮಾಡಿಸಬೇಕು. ನೀವೇ ಕೇಳಿ, ನಾಚಿಕೆ ಬೇಡ. ತೊಂದರೆ ಇಲ್ಲದಿದ್ದರೂ ಒಂದು ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ ಮಾಡಿಸಿ. ಜೆಲ್ ಇಂಪ್ಲಾಂಟ್ ಹಾಕಿ 5–6 ವರ್ಷಕ್ಕೆ ಮೊದಲ ಸಲ, ಆಮೇಲೆ 2–3 ವರ್ಷಕ್ಕೊಮ್ಮೆ ನೋಡಿಸಿ ಅಂತ ಎಫ್‌ಡಿಎ ಸಲಹೆ. ನಿಮ್ಮದು 20 ವರ್ಷ ದಾಟಿದೆ, ಇವು ಜೀವನಪೂರ್ತಿ ಬಾಳಿಕೆ ಬರುವ ವಸ್ತುಗಳಲ್ಲ.

ಹೆಸರು ತಿಳಿಯಲಿಕ್ಕೇ ಅಂತ ಆಪರೇಷನ್ ಮಾಡಿಸಬೇಡಿ. ಆದರೆ ಬೇರೆ ಕಾರಣಕ್ಕೆ ತೆಗೆಸುವ ದಿನ ಬಂದರೆ ಮೊದಲೇ ಸರ್ಜನ್ ಹತ್ತಿರ ಮಾತಾಡಿ, ಒಪ್ಪಿಗೆ ಪತ್ರದಲ್ಲೂ ಬರೆಸಿ: ಹೊರಬಂದ ಇಂಪ್ಲಾಂಟ್‌ನ ಹಿಂಭಾಗದ ಫೋಟೋ ಬೇಕು ಅಂತ. ಬಹಳಷ್ಟು ಇಂಪ್ಲಾಂಟ್‌ಗಳ ಬೆನ್ನಿನ ಮೇಲೆ ದುಂಡಗಿನ ತೇಪೆಯಲ್ಲಿ ಕಂಪನಿ ಗುರುತು, ಗಾತ್ರ, ನಂಬರ್ ಉಬ್ಬಕ್ಷರದಲ್ಲಿ ಇರುತ್ತವೆ. ಒಡೆದು ಜೆಲ್ ಮೆತ್ತಿಕೊಂಡಿದ್ದರೂ ಒರೆಸಿದರೆ ಓದಬಹುದು. ಯಾರೂ ಹೇಳದಿದ್ದರೆ ಅದು ನೇರ ಕಸದ ಬಕೆಟ್‌ಗೆ ಹೋಗುತ್ತದೆ.

ಪ್ರಶ್ನೆ: ನಾನು ಧಾರವಾಡದವಳು, ಈಗ ಇಂಗ್ಲೆಂಡ್‌ನಲ್ಲಿದ್ದೇನೆ. 2005ರಲ್ಲಿ ಇಲ್ಲಿನ ಒಂದು ಖಾಸಗಿ ಕ್ಲಿನಿಕ್‌ನಲ್ಲಿ ಇಂಪ್ಲಾಂಟ್ ಹಾಕಿಸಿಕೊಂಡೆ. ಕ್ಲಿನಿಕ್ ಮುಚ್ಚಿದೆ. ಮನೆಯಲ್ಲಿ ಅಮ್ಮನಿಗೂ ಹೇಳಿಲ್ಲ. ನನ್ನದು ಪಿಐಪಿ ಇರಬಹುದಾ?

ಉತ್ತರ: ಇರಬಹುದು. ಪಿಐಪಿ ಅನ್ನುವ ಫ್ರೆಂಚ್ ಕಂಪನಿ ಆಸ್ಪತ್ರೆಗೆ ಒಪ್ಪಿಗೆಯಾದ ಸಿಲಿಕೋನ್ ಬದಲು ಕಾರ್ಖಾನೆ ಕೆಲಸದ ಅಗ್ಗದ ಸಿಲಿಕೋನ್ ತುಂಬಿತ್ತು. 2010ರ ಮಾರ್ಚ್‌ನಲ್ಲಿ ಅದರ ಮಾರಾಟ ನಿಂತಿತು, 2013ರಲ್ಲಿ ಅದರ ಸ್ಥಾಪಕನಿಗೆ 4 ವರ್ಷ ಜೈಲು ಶಿಕ್ಷೆ ಆಯಿತು. ನಿಮ್ಮ ವರ್ಷ ಆ ಅವಧಿಯಲ್ಲಿ ಬರುತ್ತದೆ. 2012ರಲ್ಲಿ ಇಂಗ್ಲೆಂಡ್‌ನ ತಜ್ಞರ ಸಮಿತಿ ಹೇಳಿದ್ದು: ಇವು ಬೇರೆಯವಕ್ಕಿಂತ ಬೇಗ ಒಡೆಯುತ್ತವೆ, ಆದರೆ ಕ್ಯಾನ್ಸರ್ ತರುತ್ತವೆ ಅನ್ನಲು ಆಧಾರ ಸಿಕ್ಕಿಲ್ಲ. ಅಲ್ಲಿನ ಈಗಿನ ಇಂಪ್ಲಾಂಟ್ ನೋಂದಣಿ ಶುರುವಾಗಿದ್ದು 2016ರಲ್ಲಿ, ನಿಮ್ಮ 2005ರ ಆಪರೇಷನ್ ಅದರಲ್ಲಿ ಸಿಗುವುದಿಲ್ಲ. ಮೊದಲು ನಿಮ್ಮ ಜಿಪಿಯ, ಅಂದರೆ ಅಲ್ಲಿನ ಕುಟುಂಬ ವೈದ್ಯರ, ದಾಖಲೆಯ ಪೂರ್ತಿ ಪ್ರತಿ ಕೇಳಿ, ಕ್ಲಿನಿಕ್‌ನಿಂದ ಅವರಿಗೆ ಒಂದು ಪತ್ರ ಹೋಗಿರಬಹುದು. ಆಪರೇಷನ್ ಮಾಡಿದ ಸರ್ಜನ್ ಬೇರೆ ಕಡೆ ಕೆಲಸ ಮಾಡುತ್ತಿದ್ದರೆ ಅವರಿಗೂ ಬರೆಯಿರಿ. ಏನೂ ಸಿಗದಿದ್ದರೆ ಅದನ್ನೇ ಜಿಪಿಗೆ ಹೇಳಿ ಸ್ಕ್ಯಾನ್‌ಗೆ ಕಳಿಸಲು ಕೇಳಿ. ಅಮ್ಮನಿಗೆ ಹೇಳುವುದು ಬಿಡುವುದು ನಿಮಗೆ ಬಿಟ್ಟದ್ದು, ಡಾಕ್ಟರಿಗೆ ಮಾತ್ರ ಮುಚ್ಚಿಡಬೇಡಿ. ಮ್ಯಾಮೊಗ್ರಾಂ ಮಾಡುವವರಿಗೂ ಮೊದಲೇ ಹೇಳಿ, ಇಂಪ್ಲಾಂಟನ್ನು ಹಿಂದಕ್ಕೆ ಸರಿಸಿ ತೆಗೆಯುವ ಬೇರೆ ಚಿತ್ರಗಳು ಬೇಕಾಗುತ್ತವೆ.

ಪ್ರಶ್ನೆ: ನಮ್ಮತ್ತೆಗೆ ಬೆನ್ನುನೋವಿಗೆ ಎಂಆರ್‌ಐ ಬರೆದಿದ್ದಾರೆ. ಕ್ಯಾನ್ಸರ್ ಆಪರೇಷನ್ ಆದಮೇಲೆ "ಒಂದು ಬಲೂನ್ ಇಟ್ಟು ವಾರವಾರ ನೀರು ತುಂಬುತ್ತಿದ್ದರು, ಆಮೇಲೆ ನಾನು ಹೋಗಲೇ ಇಲ್ಲ" ಅನ್ನುತ್ತಾರೆ. ಚೀಟಿ ಇಲ್ಲ. ಎಂಆರ್‌ಐ ಮಾಡಿಸಬಹುದಾ?
ಹುಬ್ಬಳ್ಳಿ

ಉತ್ತರ: ಸದ್ಯಕ್ಕೆ ಬೇಡ. ಅದು ಟಿಶ್ಯೂ ಎಕ್ಸ್‌ಪಾಂಡರ್, ಚರ್ಮ ಹಿಗ್ಗಿಸಲು ಇಡುವ ಚೀಲ. ಸೂಜಿ ಚುಚ್ಚುವ ಜಾಗ ಹೊರಗಿನಿಂದ ಗುರುತು ಸಿಗಲಿ ಅಂತ ಹಲವು ಎಕ್ಸ್‌ಪಾಂಡರ್‌ಗಳೊಳಗೆ ಒಂದು ಅಯಸ್ಕಾಂತ ಇಟ್ಟಿರುತ್ತಾರೆ. ಅಂಥದ್ದನ್ನು ಎಂಆರ್‌ಐ ಮಿಷನ್ ಎಳೆಯುತ್ತದೆ, ಅದು ಜಾಗ ಬಿಟ್ಟು ಸರಿಯಬಹುದು. ಮೊದಲು ಒಂದು ಸಾದಾ ಎದೆ ಎಕ್ಸ್‌ರೇ ತೆಗೆಸಿ, ಲೋಹ ಇದ್ದರೆ ಕಾಣುತ್ತದೆ. ಆ ಎಕ್ಸ್‌ರೇಯನ್ನು ರೇಡಿಯಾಲಜಿ ಡಾಕ್ಟರಿಗೆ ತೋರಿಸಿ, ಬಲೂನ್ ಕಥೆಯನ್ನೂ ಹೇಳಿ. ಅವರು ಬೇಡ ಅಂದರೆ ಬೆನ್ನಿಗೆ ಸಿಟಿ ಸ್ಕ್ಯಾನ್ ಆಗುತ್ತದೆಯಾ ಅಂತ ಎಂಆರ್‌ಐ ಬರೆದ ಡಾಕ್ಟರನ್ನೇ ಕೇಳಿ. ಹಾಗೇ ಅತ್ತೆಯನ್ನು ಒಬ್ಬ ಪ್ಲಾಸ್ಟಿಕ್ ಸರ್ಜನ್‌ಗೆ ತೋರಿಸಿ, ಆ ಬಲೂನ್ ಹೆಚ್ಚಾಗಿ ಕೆಲವು ತಿಂಗಳಿಗಷ್ಟೇ ಅಂತ ಇಡುವಂಥದ್ದು.